ತಕ್ಕಡಿ, ಚೀಟಿ, ಬಟವಾಡೆ: ಸಣ್ಣ ರೈತರ ಕಂಪನಿ ನೆಲೆ ನಿಲ್ಲಲು ಹದಿಮೂರು ಸೂತ್ರ

‘ರೈತ ಉತ್ಪಾದಕ ಕಂಪನಿ’ ಎಂಬ ಬೋರ್ಡು ಈಗ ತಾಲ್ಲೂಕು ತಾಲ್ಲೂಕಿನಲ್ಲೂ ಕಾಣಿಸುತ್ತದೆ. 10,000 ಸಂಸ್ಥೆಗಳನ್ನು ಕಟ್ಟುವ ಯೋಜನೆಗೆ ಕೇಂದ್ರ ಸರ್ಕಾರ 2020ರ ಫೆಬ್ರವರಿಯಲ್ಲಿ ಚಾಲನೆ ಕೊಟ್ಟಿತು. 2025ರ ಫೆಬ್ರವರಿಯಲ್ಲಿ ಆ ಸಂಖ್ಯೆ ಮುಟ್ಟಿದ್ದೇವೆ ಎಂದು ಘೋಷಿಸಿಯೂ ಆಯಿತು. ಬೋರ್ಡು ಬರೆಸಲು ಒಂದು ದಿನ ಸಾಕು. ಬೋರ್ಡಿನ ಕೆಳಗಿನ ಬಾಗಿಲನ್ನು ದಿನಾ ಬೆಳಿಗ್ಗೆ ತೆರೆಯುವುದೇ ಕಷ್ಟದ ಕೆಲಸ. ಷಟರಿಗೆ ತುಕ್ಕು ಹಿಡಿದ, ಮೂರನೇ ವರ್ಷಕ್ಕೇ ಉಸಿರು ನಿಂತ ಕಂಪನಿಗಳು ನಮ್ಮಲ್ಲಿ ಬೇಕಾದಷ್ಟಿವೆ.

ಸಂಘ ಏಕೆ ಬದುಕುತ್ತದೆ, ಏಕೆ ಸಾಯುತ್ತದೆ ಎಂದು ತಿಳಿಯಲು ಬಹು ದೂರ ಹೋಗಬೇಕಿಲ್ಲ. ಹಳೇ ಬೆಂಗಳೂರಿನಲ್ಲಿ ಒಂದು ಸುತ್ತು ಹಾಕಿದರೆ ಸಾಕು. ಲಾಲ್‌ಬಾಗಿನಲ್ಲಿ ಹಾಪ್‌ಕಾಮ್ಸ್ ಇದೆ. ಚಾಮರಾಜಪೇಟೆಯ ಪಂಪ ಮಹಾಕವಿ ರಸ್ತೆಯಲ್ಲಿ 1907ರ ಬೆಂಗಳೂರು ಸಿಟಿ ಕೋ-ಆಪರೇಟಿವ್ ಬ್ಯಾಂಕ್, 1915ರ ಅಪೆಕ್ಸ್ ಬ್ಯಾಂಕ್ ಎರಡೂ ಇವೆ. ಮಲ್ಲೇಶ್ವರದಲ್ಲಿ ಸೌಹಾರ್ದ ಸಹಕಾರಿಗಳ ರಾಜ್ಯ ಮಟ್ಟದ ಕಚೇರಿ, ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ. ಮಾಗಡಿ, ಕನಕಪುರ, ಚಿಂತಾಮಣಿ, ಆನೇಕಲ್ ಕಡೆಯ ಎರಡು ಮೂರು ಎಕರೆ ರೈತನ ಬೆಳೆಯನ್ನು ಈ ಬಡಾವಣೆಗಳು ನೂರು ವರ್ಷದಿಂದ ಉಣ್ಣುತ್ತಾ ಬಂದಿವೆ. ಆ ಅನುಭವದಿಂದ ಹೆಕ್ಕಿದ ಸೂತ್ರಗಳು ಇವು. ಈಗಾಗಲೇ ನಿರ್ದೇಶಕರಾಗಿರುವವರಿಗೂ ಆಗಬೇಕೆಂದಿರುವವರಿಗೂ ಉಪಯೋಗವಾದೀತು.

1. ಒಂದೇ ಬೆಳೆ ಹಿಡಿದು ಶುರು ಮಾಡಿ

ಹಾಪ್‌ಕಾಮ್ಸ್ ಮಳಿಗೆಯಲ್ಲಿ ಇಂದು ಸೊಪ್ಪಿನಿಂದ ಸೇಬಿನವರೆಗೆ ಎಲ್ಲವೂ ಸಿಗುತ್ತದೆ. ಆದರೆ 1959ರಲ್ಲಿ ಅದು ಹುಟ್ಟಿದ್ದು ಬೆಂಗಳೂರು ಸುತ್ತಿನ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ. ಅದರ ಬೆನ್ನಿಗೆ ನಿಂತವರು ನಾಡಿನ ತೋಟಗಾರಿಕೆಗೆ ಬುನಾದಿ ಹಾಕಿದ ಡಾ. ಎಂ.ಎಚ್. ಮರಿಗೌಡರು. ಕೊಯ್ದ ದ್ರಾಕ್ಷಿ ನಾಲ್ಕು ದಿನ ಕಾಯುವುದಿಲ್ಲ. ವ್ಯಾಪಾರಿ ಹೇಳಿದ ಬೆಲೆಗೆ ಕೊಡಬೇಕು, ಇಲ್ಲವೇ ತಿಪ್ಪೆಗೆ ಸುರಿಯಬೇಕು. ಎಲ್ಲರ ಕಷ್ಟ ಒಂದೇ ಆಗಿತ್ತು, ಪೇಟೆಯೂ ಒಂದೇ ಆಗಿತ್ತು. ಆದ್ದರಿಂದ ಒಗ್ಗಟ್ಟು ಮೂಡಿತು. ಉಳಿದ ಹಣ್ಣು ತರಕಾರಿ ಆಮೇಲೆ ಬಂದು ಸೇರಿದವು.

ಕ್ಯಾಂಪ್ಕೊ ಕಥೆಯೂ ಹೀಗೆಯೇ. ಎಪ್ಪತ್ತರ ದಶಕದ ಆರಂಭದಲ್ಲಿ ಅಡಿಕೆ ಬೆಲೆ ನೆಲ ಕಚ್ಚಿತು. ದಕ್ಷಿಣ ಕನ್ನಡ, ಕಾಸರಗೋಡಿನ ಬೆಳೆಗಾರರು ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ 1973ರಲ್ಲಿ ಸಂಸ್ಥೆ ಕಟ್ಟಿದರು. ಆಗ ಅವರ ಮುಂದಿದ್ದದ್ದು ಅಡಿಕೆ ಒಂದೇ.

ಈಗಿನ ಕೆಲವು ಕಂಪನಿಗಳ ಉದ್ದೇಶ ಪಟ್ಟಿ ಓದಿದರೆ ತಲೆ ತಿರುಗುತ್ತದೆ. ರಾಗಿ, ಜೇನು, ಅಣಬೆ, ಗೊಬ್ಬರ, ಡ್ರೋನು, ಕೃಷಿ ಪ್ರವಾಸ! ಮೊದಲ ಎರಡು ವರ್ಷ ಇದರಲ್ಲಿ ಒಂದನ್ನು ಇಟ್ಟುಕೊಳ್ಳಿ, ಮಿಕ್ಕದ್ದು ಕಾಗದದಲ್ಲಿಯೇ ಇರಲಿ.

2. ನೋಂದಣಿಗೆ ಮೊದಲು ಗಿರಾಕಿ

ಬೆಳೆದವರನ್ನು ಒಟ್ಟುಗೂಡಿಸಿಯಾದ ಮೇಲೆ ‘ಇನ್ನು ಯಾರಿಗೆ ಮಾರೋಣ’ ಎಂದು ತಲೆ ಕೆರೆದುಕೊಳ್ಳುವವರೇ ಹೆಚ್ಚು. ಇದನ್ನು ತಿರುವುಮುರುವು ಮಾಡಿ. ಮೊದಲು ಪೇಟೆ ಸುತ್ತಿ, ಆಮೇಲೆ ಆಡಿಟರ ಬಳಿ ಹೋಗಿ.

ಹಳೇ ಬೆಂಗಳೂರು ಪಂಚಾಂಗ ನೋಡಿಕೊಂಡು ಕೊಳ್ಳುವ ಊರು. ಸಂಕ್ರಾಂತಿಗೆ ಕಬ್ಬು, ಗೆಣಸು, ಕಡಲೆಕಾಯಿ, ಸೊಗಡವರೆ ಬೇಕು. ಯುಗಾದಿಗೆ ಮಾವಿನೆಲೆ, ಬೇವಿನ ಹೂವು. ವರಮಹಾಲಕ್ಷ್ಮಿ ವ್ರತದ ಹಿಂದಿನ ದಿನ ಸೇವಂತಿಗೆ, ಕನಕಾಂಬರ, ತಾವರೆ, ಬಾಳೆಕಂದು ಎಷ್ಟು ತಂದರೂ ಖಾಲಿ. ಗಣೇಶನಿಗೆ ಗರಿಕೆ, ಎಕ್ಕದ ಹಾರ. ಆಯುಧಪೂಜೆಗೆ ಬೀದಿ ಬೀದಿಯಲ್ಲಿ ಬೂದುಗುಂಬಳ ಒಡೆಯುತ್ತಾರೆ. ಉತ್ಥಾನ ದ್ವಾದಶಿಗೆ ತುಳಸಿಕಟ್ಟೆಯ ಪಕ್ಕ ನಡಲು ನೆಲ್ಲಿಯ ಕೊಂಬೆ ಬೇಕೇ ಬೇಕು. ಕಾರ್ತಿಕದ ಕೊನೆಯ ಸೋಮವಾರ ದೊಡ್ಡ ಬಸವನ ಗುಡಿಯ ಮುಂದೆ ಕಡಲೆಕಾಯಿ. ಅದು ಮುಗಿದು ಚಳಿ ಹಿಡಿಯುವ ಹೊತ್ತಿಗೆ ಅವರೆಕಾಯಿ. ವಿಶ್ವೇಶ್ವರಪುರದ ಸಜ್ಜನರಾವ್ ವೃತ್ತದ ಬಳಿ ವಾಸವಿ ಕಾಂಡಿಮೆಂಟ್ಸ್‌ನವರು ಶುರು ಮಾಡಿದ ಅವರೆಬೇಳೆ ಮೇಳ ಜನಜಂಗುಳಿ ತಾಳಲಾರದೆ ನ್ಯಾಷನಲ್ ಕಾಲೇಜು ಮೈದಾನಕ್ಕೆ ಬಂತು. ಅಲ್ಲಿ ಹಿತಕಿದ ಬೇಳೆಯಾಗಿ, ದೋಸೆಯಾಗಿ, ಜಿಲೇಬಿಯಾಗಿ ಖರ್ಚಾಗುವ ಅವರೆ ಯಾವುದೋ ಹೊಲದಿಂದ ಬರಲೇಬೇಕಲ್ಲ?

ಇಷ್ಟು ಖಚಿತವಾದ ಗಿರಾಕಿ ಇನ್ನೆಲ್ಲಿ ಸಿಕ್ಕಾನು! ಒಂದೇ ತೊಡಕೆಂದರೆ ಹಬ್ಬದ ತಾರೀಕು ಪ್ರತಿ ವರ್ಷ ಹಿಂದೆ ಮುಂದೆ ಆಗುತ್ತದೆ. ಆದ್ದರಿಂದ ಹೊಸ ಪಂಚಾಂಗ ಕೈಗೆ ಬಂದ ದಿನವೇ ಆಡಳಿತ ಮಂಡಳಿ ಕೂರಬೇಕು. ಮಾರಾಟದ ದಿನದಿಂದ ಹಿಂದಕ್ಕೆ ಎಣಿಸಿ ಬಿತ್ತನೆಯ ವಾರ ಗೊತ್ತು ಮಾಡಬೇಕು. ಯಾರು ಎಷ್ಟು ಕುಂಟೆಯಲ್ಲಿ ಯಾವ ವಾರ ನಾಟಿ ಮಾಡುತ್ತಾರೆ ಎಂಬುದನ್ನು ಹೆಸರು ಸಮೇತ ಬರೆದಿಡಬೇಕು. ಎಲ್ಲರೂ ಒಂದೇ ವಾರ ಬೂದುಗುಂಬಳ ಹಾಕಿ ಒಂದೇ ದಿನ ಕೊಯ್ದರೆ ಹಬ್ಬದ ಮಾರನೆಯ ಬೆಳಿಗ್ಗೆ ಅದನ್ನು ದನವೂ ಮೂಸುವುದಿಲ್ಲ.

ಹಬ್ಬ ವರ್ಷಕ್ಕೊಮ್ಮೆ. ನಡುವಿನ ದಿನಗಳಿಗೆ ಹೋಟೆಲು, ಛತ್ರದ ಅಡುಗೆ ಕಂಟ್ರಾಕ್ಟರು, ಮೆಸ್ಸು ನೋಡಿಕೊಳ್ಳಿ. ಗಾಂಧಿಬಜಾರು, ಮಲ್ಲೇಶ್ವರದ ತಿಂಡಿ ಹೋಟೆಲುಗಳ ಮುಂದೆ ಬೆಳಿಗ್ಗೆಯೇ ಸಾಲು ನಿಂತಿರುತ್ತದೆ. ಅಷ್ಟು ಜನರ ತಟ್ಟೆಗೆ ಚಟ್ನಿ ಬೀಳಬೇಕಾದರೆ ತೆಂಗಿನಕಾಯಿ, ಕೊತ್ತಂಬರಿ, ಹಸಿಮೆಣಸಿನಕಾಯಿ ಎಷ್ಟು ಬೇಕೆಂದು ಲೆಕ್ಕ ಹಾಕಿ. ಅಡುಗೆ ಭಟ್ಟರಿಗೆ ಸಂತೆಯ ಅಗ್ಗದ ಬೆಲೆಗಿಂತ ಹೇಳಿದ ಹೊತ್ತಿಗೆ ಮಾಲು ಬರುವುದು ಮುಖ್ಯ.

3. ಪರಿಷೆಯಲ್ಲಿ ಮಾರಿ, ವಿಳಾಸವನ್ನೂ ಕೊಡಿ

ಬುಲ್ ಟೆಂಪಲ್ ರಸ್ತೆಯ ಪರಿಷೆಯಲ್ಲಿ ರಾಶಿಯ ಹಿಂದೆ ಕೂತವರೆಲ್ಲ ಬೆಳೆದವರೇ ಎಂದು ನಂಬಬೇಡಿ. ಊರೂರಿನಿಂದ ಮೂಟೆಗಟ್ಟಲೆ ಕೊಂಡು ತಂದ ವ್ಯಾಪಾರಿಗಳು ಅಲ್ಲಿ ಧಾರಾಳವಾಗಿ ಇರುತ್ತಾರೆ. ಸುಂಕೇನಹಳ್ಳಿ, ಗುಟ್ಟಹಳ್ಳಿ, ಮಾವಳ್ಳಿಯ ರೈತರು ಮೊದಲ ಫಸಲನ್ನು ಬಸವಣ್ಣನಿಗೆ ಒಪ್ಪಿಸುತ್ತಿದ್ದರೆಂಬ ಕಥೆ ಚೆನ್ನಾಗಿದೆ. ಆ ಹಳ್ಳಿಗಳೀಗ ಬಸ್‌ಸ್ಟಾಪಿನ ಹೆಸರುಗಳು. ಕಾಯಿ ಬರುವುದು ಚಿಂತಾಮಣಿ, ಶ್ರೀನಿವಾಸಪುರ, ಮಾಗಡಿ, ತುಮಕೂರು ಸೀಮೆಯಿಂದ, ತಮಿಳುನಾಡು, ಆಂಧ್ರದಿಂದ.

ಅಳತೆ ಸೇರಿನಲ್ಲಿ. ಗಿರಾಕಿ ಕಣ್ಣು ನೆಟ್ಟಿರುವುದು ಸೇರಿನ ಬಾಯಿ ಮೇಲಿನ ಗೋಪುರದ ಮೇಲೆ. ಮಾರುವವನ ಜಾಣತನ ಸೇರಿನ ತಳದಲ್ಲಿರುತ್ತದೆ, ನೆಗ್ಗಿ ಒಳಕ್ಕೆ ಬಂದ ತಳದಲ್ಲಿ. ನಿಮ್ಮ ಕಂಪನಿ ಅಲ್ಲೊಂದು ಮಳಿಗೆ ಹಾಕಿದರೆ ಸೇರನ್ನು ಬಿಡಿ, ತೂಕದ ಯಂತ್ರ ಇಡಿ. ಅಕ್ಕಪಕ್ಕದವರು ಗೊಣಗಿಕೊಳ್ಳಲಿ. ಒಂದು ಕೆಜಿ, ಎರಡು ಕೆಜಿಯ ಬಟ್ಟೆ ಚೀಲಕ್ಕೆ ಊರಿನ ಹೆಸರು, ಫೋನ್ ನಂಬರು ಅಚ್ಚು ಹಾಕಿಸಿ. ಪರಿಷೆಯ ಲಾಭ ಆ ವಾರದ ಮಾರಾಟಕ್ಕೆ ಮುಗಿಯಬಾರದು. ಡಿಸೆಂಬರಿನಲ್ಲಿ ಎಷ್ಟು ಫೋನು ಬಂತು ಎಂಬುದೂ ಲೆಕ್ಕಕ್ಕೆ ಬರಬೇಕು. ಮಲ್ಲೇಶ್ವರದ ಕಾಡು ಮಲ್ಲೇಶ್ವರ ದೇವಸ್ಥಾನದ ಬಳಿಯೂ ಈಗ ಪರಿಷೆ ನಡೆಯುತ್ತದೆ. ಅಲ್ಲಿಗೂ ಅದೇ ಚೀಲ ಹೋಗಲಿ.

4. ತಕ್ಕಡಿ ರೈತನ ಕಣ್ಣೆದುರಿಗೆ ಇರಲಿ

ಸಣ್ಣ ರೈತ ಮೋಸ ಹೋಗುವುದು ಬೆಲೆಯಲ್ಲಿ ಕಡಿಮೆ, ತೂಕದಲ್ಲಿ ಹೆಚ್ಚು. ಮೂಟೆಗೆ ಇಷ್ಟು ಕೆಜಿ ಎಂದು ‘ಸೂಟು’ ಮುರಿಯುತ್ತಾರೆ. ಸ್ಯಾಂಪಲ್ ಎಂದು ಒಂದು ಬೊಗಸೆ ಹೋಗುತ್ತದೆ. ಹಮಾಲಿ ಬೇರೆ. ಕಮಿಷನ್ ಬೇರೆ. ಎಪಿಎಂಸಿ ಕಾಯ್ದೆಯ ಪ್ರಕಾರ ಬೆಳೆದವನ ಕೈಯಿಂದ ಕಮಿಷನ್ ಮುರಿಯುವಂತಿಲ್ಲ. ಹೀಗಾಗಿಯೇ ಎಷ್ಟೋ ಕಡೆ ವ್ಯವಹಾರ ಬಿಳಿಚೀಟಿಯಲ್ಲಿ ನಡೆಯುತ್ತದೆ. ಅಂಗಡಿ ಹೆಸರಿಲ್ಲದ ಆ ಚೀಟಿ ಹಿಡಿದು ನೀವು ಎಲ್ಲಿಯೂ ದೂರು ಕೊಡಲಾರಿರಿ.

ನಿಮ್ಮ ಕಂಪನಿಯ ಮೊದಲ ಖರೀದಿ ಎಲೆಕ್ಟ್ರಾನಿಕ್ ತಕ್ಕಡಿ ಆಗಬೇಕು. ಕಾನೂನು ಮಾಪನ ಇಲಾಖೆಯ ಮುದ್ರೆ ಬಿದ್ದಿರಬೇಕು. ಅಂಕಿ ರೈತನ ಕಡೆಗೂ ಕಾಣುವಂತೆ ಇಡಬೇಕು. ತೂಕವಾದ ತಕ್ಷಣ ಅಚ್ಚಾದ ಚೀಟಿ ಕೈಗೆ ಕೊಡಬೇಕು. ಹಾಲಿನ ಡೇರಿಯಲ್ಲಿ ನೋಡಿ: ಬೆಳಕು ಹರಿಯುವ ಮೊದಲೇ ಕ್ಯಾನು ಹಿಡಿದು ಬಂದ ಹೆಂಗಸು ಹಾಲು ಹುಯ್ದು, ಲೀಟರು, ಫ್ಯಾಟು, ದರ ಮೂರನ್ನೂ ಚೀಟಿಯಲ್ಲಿ ನೋಡಿಕೊಂಡೇ ಮನೆಗೆ ಹೋಗುತ್ತಾಳೆ. ಫ್ಯಾಟು ಒಂದು ಪಾಯಿಂಟು ಇಳಿದಿದ್ದರೆ ಅಲ್ಲೇ ನಿಂತು ಕೇಳುತ್ತಾಳೆ. ಹಾಲಿನ ಸಂಘಗಳು ಹಳ್ಳಿಯಲ್ಲಿ ಬೇರು ಬಿಡಲು ಈ ಚೀಟಿ ದೊಡ್ಡ ಕಾರಣ.

ಹೊರದೇಶದ ಪಾಠವೂ ಬೇರೆಯೇನಲ್ಲ. ಘಾನಾ ದೇಶದ ಕೋಕೋ ಬೆಳೆಗಾರರು 1993ರಲ್ಲಿ ‘ಕುವಾಪಾ ಕೋಕೂ’ ಎಂಬ ಸಹಕಾರ ಸಂಘ ಕಟ್ಟಿದಾಗ ಮೊದಲು ಕೈ ಹಾಕಿದ್ದು ತೂಕಕ್ಕೆ. ಕೊಳ್ಳುವವರ ಗುಮಾಸ್ತರು ತಕ್ಕಡಿಯಲ್ಲಿ ಕೈಚಳಕ ತೋರಿಸುತ್ತಿದ್ದರು. ಊರಿನವರೇ ತಮ್ಮೊಳಗೊಬ್ಬರನ್ನು ಆರಿಸಿ ತೂಗುವ, ಬರೆಯುವ ಕೆಲಸಕ್ಕೆ ಕೂರಿಸಿದರು. ಮಿಕ್ಕಿದ್ದೆಲ್ಲ ಆ ನಂಬಿಕೆಯ ಮೇಲೆ ಬೆಳೆಯಿತು.

5. ಬಟವಾಡೆ ತಡವಾದರೆ ಸದಸ್ಯ ಕೈಬಿಟ್ಟ ಎಂದೇ ತಿಳಿಯಿರಿ

ಇಡೀ ಪಟ್ಟಿಯಲ್ಲಿ ಒಂದೇ ಸೂತ್ರ ನೆನಪಿಟ್ಟುಕೊಳ್ಳುವಿರಾದರೆ ಇದು ಇರಲಿ.

ಮಂಡಿ ಮಾಲೀಕನನ್ನು ಬೈಯುವುದು ನಮಗೆ ರೂಢಿ. ಬೈಯುವ ಮೊದಲು ಅವನು ಏನು ಮಾಡುತ್ತಾನೆ ನೋಡಿ. ಕಲಾಸಿಪಾಳ್ಯದಲ್ಲಿ ಇರುಳು ಮೂರು ಗಂಟೆಗೆ ಟೆಂಪೊ ಬಂದರೂ ‘ಬಾರಣ್ಣ’ ಎಂದು ಕರೆದು ಮಾಲು ಇಳಿಸಿಕೊಳ್ಳುತ್ತಾನೆ. ಬೆಳಕು ಹರಿಯುವಷ್ಟರಲ್ಲಿ ಕೈಗೆ ಕಾಸು ಕೊಟ್ಟು ಕಳಿಸುತ್ತಾನೆ. ಬೀಜಕ್ಕೆ, ಗೊಬ್ಬರಕ್ಕೆ ಮುಂಗಡ ಕೊಡುತ್ತಾನೆ. ಮಗಳ ಮದುವೆಗೆ, ಆಸ್ಪತ್ರೆ ಖರ್ಚಿಗೆ ಒಂದು ಕಾಗದವನ್ನೂ ಕೇಳದೆ ಕೊಡುತ್ತಾನೆ. ಅದಕ್ಕೆ ಪ್ರತಿಯಾಗಿ ರೈತ ಮುಂದಿನ ಬೆಳೆಯನ್ನು ಅವನ ಮಂಡಿಗೇ ಹಾಕಬೇಕು, ಅವನು ಕಟ್ಟಿದ ಬೆಲೆಗೇ ಬಿಡಬೇಕು. ಅನ್ಯಾಯ ಹೌದು. ಆದರೆ ಅವನು ಮಾಡುವ ಉಪಕಾರವನ್ನು ನಿಮ್ಮ ಕಂಪನಿ ಮಾಡಲಾರದಿದ್ದರೆ ಸದಸ್ಯರು ಸಭೆಯಲ್ಲಿ ನಿಮಗೆ ಚಪ್ಪಾಳೆ ತಟ್ಟಿ ಬೆಳೆಯನ್ನು ಮಂಡಿಗೇ ಹಾಕುತ್ತಾರೆ. ಅವರನ್ನು ದೂರಿ ಫಲವಿಲ್ಲ.

‘ಹೋಟೆಲಿನಿಂದ ದುಡ್ಡು ಬಂದ ಮೇಲೆ ಕೊಡ್ತೀವಿ’ ಎಂದು ಒಮ್ಮೆ ಹೇಳಿದರೆ ರೈತ ಸುಮ್ಮನಿದ್ದಾನು. ಎರಡನೇ ಸಲ ಅವನ ಟೆಂಪೊ ನಿಮ್ಮ ಬಾಗಿಲಿಗೆ ತಿರುಗುವುದಿಲ್ಲ. ಮಾಲು ತಂದ ದಿನವೇ ಮುಕ್ಕಾಲು ಪಾಲು, ವಾರದೊಳಗೆ ಮಿಕ್ಕದ್ದು ಎಂದು ನಿಯಮ ಮಾಡಿ. ಇಷ್ಟು ಹಣ ಕೈಯಲ್ಲಿಲ್ಲದಿದ್ದರೆ ಕಡಿಮೆ ಮಾಲು ತೆಗೆದುಕೊಳ್ಳಿ. ಐವತ್ತು ಜನರಿಗೆ ಹೊತ್ತಿಗೆ ಸರಿಯಾಗಿ ಹಣ ಕೊಡುವ ಸಂಘಕ್ಕೆ ಮುಂದಿನ ವರ್ಷ ನೂರೈವತ್ತು ಜನ ಬರುತ್ತಾರೆ. ಐನೂರು ಜನರಿಗೆ ಬಾಕಿ ಉಳಿಸಿಕೊಂಡ ಸಂಘಕ್ಕೆ ಯಾರೂ ಬರುವುದಿಲ್ಲ.

6. ಅನುದಾನವನ್ನು ಕಾಲಿನಂತೆ ನೆಚ್ಚಬೇಡಿ, ಅದು ಊರುಗೋಲು

2020ರ ಯೋಜನೆಯಲ್ಲಿ ಒಂದು ಸಂಸ್ಥೆಗೆ ಮೂರು ವರ್ಷದ ಆಡಳಿತ ವೆಚ್ಚಕ್ಕೆಂದು ₹18 ಲಕ್ಷದವರೆಗೆ ನೆರವಿದೆ. ಸದಸ್ಯ ಹಾಕಿದ ಷೇರು ಹಣಕ್ಕೆ ಸರಿಸಮನಾಗಿ, ತಲಾ ₹2,000 ಮೀರದಂತೆ, ಒಟ್ಟು ₹15 ಲಕ್ಷದವರೆಗೆ ಷೇರು ಅನುದಾನವೂ ಇದೆ. ಬಯಲು ಸೀಮೆಯಲ್ಲಿ ಕನಿಷ್ಠ 300 ಸದಸ್ಯರು ಬೇಕು.

ಲೆಕ್ಕ ಹಾಕೋಣ. 300 ಜನ ₹2,000ದಂತೆ ಹಾಕಿದರೆ ₹6 ಲಕ್ಷ. ಸರ್ಕಾರದ್ದು ಇನ್ನೊಂದು ₹6 ಲಕ್ಷ. ಕಡಲೆಕಾಯಿ ಕೆಜಿಗೆ ₹60 ಎಂದು ಹಿಡಿದರೆ ಈ ₹12 ಲಕ್ಷಕ್ಕೆ ಬರುವುದು 20 ಟನ್ನು, ಅಂದರೆ ಹತ್ತು ಟನ್ನಿನ ಎರಡು ಲಾರಿ. ಅಷ್ಟಕ್ಕೆ ಬಂಡವಾಳ ಮುಗಿಯಿತು! ಆದ್ದರಿಂದ ದುಡ್ಡು ತಿರುಗಬೇಕು. ಕೊಂಡದ್ದನ್ನು ಹತ್ತು ದಿನದಲ್ಲಿ ಮಾರಿ, ವಸೂಲು ಮಾಡಿ, ಮತ್ತೆ ಕೊಳ್ಳಬೇಕು. ಹಣವನ್ನು ಕಟ್ಟಡಕ್ಕೆ, ಕಾರಿಗೆ, ಕಂಪ್ಯೂಟರಿಗೆ ಹಾಕಿದವರು ಸುಗ್ಗಿಯಲ್ಲಿ ಕೈ ಚೆಲ್ಲಿ ಕೂರುತ್ತಾರೆ.

ಮೂರು ವರ್ಷ ಮುಗಿದ ಮೇಲೆ ಮ್ಯಾನೇಜರ ಸಂಬಳ ಎಲ್ಲಿಂದ? ಈ ಪ್ರಶ್ನೆಗೆ ಉತ್ತರ ಮೊದಲನೇ ವರ್ಷವೇ ಬರೆದಿಟ್ಟುಕೊಳ್ಳಿ.

7. ಬ್ಯಾಂಕಿಗೆ ಹೋಗುವ ಮೊದಲು ಪುಸ್ತಕ ಸರಿಮಾಡಿ

₹2 ಕೋಟಿವರೆಗಿನ ಸಾಲಕ್ಕೆ ಖಾತ್ರಿ ನಿಧಿಯ ಬೆಂಬಲ ಉಂಟು. ಆದರೂ ಬ್ಯಾಂಕಿನವರು ಕೇಳುವುದು ಹಿಂದಿನ ವರ್ಷಗಳ ಆಡಿಟ್ ವರದಿ, ಜಿಎಸ್‌ಟಿ ಲೆಕ್ಕ, ಯಾರಿಂದ ಎಷ್ಟು ಬರಬೇಕೆಂಬ ಪಟ್ಟಿ. ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದಾಗ ಕಂಪ್ಯೂಟರಿರಲಿಲ್ಲ. ಜನ ಪಾಟೀಲರನ್ನು ನಂಬಿದರು, ಬರೆದಿಟ್ಟ ಲೆಕ್ಕವನ್ನು ನಂಬಿದರು. ನಿಮ್ಮದು ನಂಬಿಕೆಯ ಊರೇ ಇರಬಹುದು, ಲೆಕ್ಕವನ್ನಂತೂ ಬರೆದಿಡಿ.

8. ಕಾಯ್ದೆಯ ಬಾಗಿಲು ಮೂರು, ನಿಮಗೆ ಹಿಡಿಸುವುದೊಂದು

1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ, 1997ರ ಸೌಹಾರ್ದ ಸಹಕಾರಿ ಕಾಯ್ದೆ, ಕಂಪನಿ ಕಾಯ್ದೆಯ ಉತ್ಪಾದಕ ಕಂಪನಿ. ಮೊದಲನೆಯದರಲ್ಲಿ ಸರ್ಕಾರದ ನೆರವೂ ಹೆಚ್ಚು, ಕೈಯೂ ಹೆಚ್ಚು. ಎರಡನೆಯದು ಸ್ವಾಯತ್ತ, ಅದರ ಬಗ್ಗೆ ವಿಚಾರಿಸಲು ಮಲ್ಲೇಶ್ವರಕ್ಕೆ ಹೋಗಬಹುದು. ಮೂರನೆಯದನ್ನು ಹತ್ತು ಜನ ಬೆಳೆಗಾರರು ಸೇರಿ ಶುರು ಮಾಡಬಹುದು. ಷೇರು ಎಷ್ಟೇ ಇರಲಿ, ತಲೆಗೊಂದೇ ಓಟು. ಆದರೆ ಪ್ರತಿ ವರ್ಷ ಕಂಪನಿ ರಿಜಿಸ್ಟ್ರಾರರಿಗೆ ಕಾಗದ ಸಲ್ಲಿಸದಿದ್ದರೆ ದಂಡ ದಿನ ಲೆಕ್ಕದಲ್ಲಿ ಬೆಳೆಯುತ್ತದೆ. ಎಷ್ಟೋ ಬಡಪಾಯಿ ನಿರ್ದೇಶಕರಿಗೆ ಇದು ತಿಳಿಯುವುದು ನೋಟಿಸು ಬಂದ ಮೇಲೆ.

9. ಮ್ಯಾನೇಜರಿಗೆ ತಕ್ಕ ಸಂಬಳ ಕೊಡಿ

ಉತ್ಪಾದಕ ಕಂಪನಿಗೆ ಪೂರ್ಣಾವಧಿಯ ಸಿಇಒ ಇರಲೇಬೇಕೆಂದು ಕಾಯ್ದೆ ಹೇಳುತ್ತದೆ. ಅಧ್ಯಕ್ಷರ ಅಕ್ಕನ ಮಗ ಬಿ.ಕಾಂ. ಮುಗಿಸಿ ಖಾಲಿ ಕೂತಿದ್ದಾನೆ ಎಂಬುದು ಅರ್ಹತೆಯಾಗಲಾರದು. ಬೆಳಗಿನ ಜಾವ ಪೇಟೆಯಲ್ಲಿ ನಿಂತು ಬೆಲೆ ಮಾತಾಡಬಲ್ಲವನು, ಸಂಜೆ ಲೆಕ್ಕ ಬರೆಯಬಲ್ಲವನು, ಅಧ್ಯಕ್ಷರಿಗೆ ‘ಆಗಲ್ಲ ಗೌಡ್ರೆ’ ಎನ್ನಬಲ್ಲವನು ಬೇಕು. ಅಂಥವನು ಕೊಟ್ಟಷ್ಟಕ್ಕೆ ಬರುವುದಿಲ್ಲ. ತಿಂಗಳ ಸಂಬಳದ ಜತೆಗೆ ವರ್ಷದ ವಹಿವಾಟಿನ ಮೇಲೆ ಒಂದಿಷ್ಟು ಪಾಲು ಕೊಡಿ.

10. ಮೇಲೆ ದಪ್ಪ, ಕೆಳಗೆ ಜೊಳ್ಳು: ಈ ಚಾಳಿ ಬಿಡಿಸಿ

ಇದು ನಮ್ಮವರ ದೋಷ, ಮುಚ್ಚಿಡುವುದು ಬೇಡ. ಕ್ರೇಟಿನ ಮೇಲ್ಪದರಕ್ಕೆ ಆಯ್ದ ಟೊಮೆಟೊ, ಅಡಿಗೆ ಗೋಲಿ ಗಾತ್ರದ್ದು. ಮೂಟೆಯ ಬಾಯಲ್ಲಿ ತುಂಬಿದ ಕಡಲೆಕಾಯಿ, ಹೊಟ್ಟೆಯಲ್ಲಿ ಮಣ್ಣು ಹೆಂಟೆ. ಮಂಡಿಯಲ್ಲಿ ಇದು ಎರಡೂ ಕಡೆಯವರು ಬಲ್ಲ ಆಟ, ಅದಕ್ಕೇ ಅಲ್ಲಿ ಸೂಟು ಹುಟ್ಟಿದ್ದು. ಹೋಟೆಲಿನವರು ಮಾತ್ರ ಒಮ್ಮೆ ಕೈ ಸುಟ್ಟುಕೊಂಡರೆ ಎರಡನೇ ಸಲ ಫೋನು ಎತ್ತುವುದಿಲ್ಲ.

ವರ್ಗೀಕರಣ ಸಂಘದ ಅಂಗಳದಲ್ಲೇ, ರೈತನ ಎದುರಿಗೇ ನಡೆಯಲಿ. ಒಂದನೇ ದರ್ಜೆಗೆ ಒಂದು ಬೆಲೆ, ಎರಡಕ್ಕೆ ಇನ್ನೊಂದು, ಮೂರನೆಯದು ವಾಪಸ್. ನಿರ್ದೇಶಕರ ಮಾಲೂ ಅದೇ ಜರಡಿಯಲ್ಲಿ ಬೀಳಬೇಕು. ಕಡಲೆಕಾಯಿಯಲ್ಲಿ ಇನ್ನೊಂದು ಅಪಾಯವಿದೆ. ಸರಿಯಾಗಿ ಒಣಗದ ಕಾಯನ್ನು ಚೀಲಕ್ಕೆ ತುಂಬಿದರೆ ಬೂಷ್ಟು ಹಿಡಿಯುತ್ತದೆ. ಆ ಬೂಷ್ಟಿನಿಂದ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಹುರಿದರೂ ಅದು ಪೂರ್ತಿ ಹೋಗುವುದಿಲ್ಲ. ದಾಸ್ತಾನಿಗೆ ತೇವಾಂಶ ಶೇ 8ರ ಆಸುಪಾಸಿಗೆ ಇಳಿಯಬೇಕು. ತೇವ ಅಳೆಯುವ ಪುಟ್ಟ ಮೀಟರು ಒಂದು ಕೊಂಡಿಟ್ಟುಕೊಳ್ಳಿ. ಪರಿಷೆಯಲ್ಲಿ ಹಸಿಕಾಯಿ ಮಾರುವ ಮಾತು ಬೇರೆ, ಅದು ಅಂದೇ ಬೆಂದು ಹೋಗುತ್ತದೆ.

11. ಯಂತ್ರ ಕೊನೆಗೆ

ಕ್ಯಾಂಪ್ಕೊ ಹುಟ್ಟಿದ್ದು 1973ರಲ್ಲಿ ಎಂದೆನಲ್ಲ, ಪುತ್ತೂರಿನಲ್ಲಿ ಅದರ ಚಾಕೊಲೇಟ್ ಕಾರ್ಖಾನೆ ಶುರುವಾದದ್ದು 1986ರಲ್ಲಿ. ನಡುವೆ ಹದಿಮೂರು ವರ್ಷ ಕೊಳ್ಳುವುದು, ಮಾರುವುದು, ನಂಬಿಕೆ ಗಳಿಸುವುದು ನಡೆದಿತ್ತು. ನಮ್ಮ ಕಂಪನಿಗಳಿಗೆ ಹದಿಮೂರು ತಿಂಗಳ ತಾಳ್ಮೆಯೂ ಇಲ್ಲ. ಸಬ್ಸಿಡಿ ಇದೆಯೆಂದು ಎಣ್ಣೆಯ ಗಾಣ ತರುತ್ತಾರೆ, ಉದ್ಘಾಟನೆಗೆ ಶಾಸಕರು ಬರುತ್ತಾರೆ, ಮೂರು ಫೇಸ್ ಕರೆಂಟು ಬರುವುದಿಲ್ಲ. ಟಾರ್ಪಾಲಿನ ಕೆಳಗೆ ಇಲಿ ಸಂಸಾರ ಹೂಡುತ್ತದೆ.

ಮೊದಲು ಬಾಡಿಗೆ ಗಾಣದಲ್ಲಿ ಅರೆಸಿ. ಆ ಎಣ್ಣೆಗೆ ಒಂದು ವರ್ಷ ಬಿಡದೆ ಗಿರಾಕಿ ಸಿಕ್ಕರೆ, ಎಫ್‌ಎಸ್‌ಎಸ್‌ಎಐ ಲೈಸೆನ್ಸು ಕೈಗೆ ಬಂದರೆ, ಆಗ ಸ್ವಂತದ್ದು ತನ್ನಿ.

12. ದುಡಿಯುವ ಹೆಂಗಸಿನ ಹೆಸರಲ್ಲೇ ಷೇರು ಬರಲಿ

ಕಡಲೆಕಾಯಿ ಗಿಡ ಕಿತ್ತು ಕಾಯಿ ಬಿಡಿಸುವವರು ಹೆಂಗಸರು. ಅವರೆ ಬಿಡಿಸಿ ಹಿತಕುವವರು, ಹೂವು ಬಿಡಿಸಿ ಕಟ್ಟುವವರು ಅವರೇ. ಸದಸ್ಯರ ಪಟ್ಟಿ ಮಾತ್ರ ಗಂಡಸರದ್ದು, ಏಕೆಂದರೆ ಪಹಣಿ ಗಂಡಸರದ್ದು. ಉತ್ಪಾದಕ ಕಂಪನಿಯ ಕಾನೂನಿನಲ್ಲಿ ಸದಸ್ಯತ್ವಕ್ಕೆ ಬೇಕಾದ್ದು ಬೆಳೆಗೆ ಸಂಬಂಧಿಸಿದ ದುಡಿಮೆ. ಜಮೀನು ಹೆಸರಿನಲ್ಲಿರಬೇಕೆಂದು ಅದು ಕಟ್ಟು ಹಾಕುವುದಿಲ್ಲ. ಆದರೂ ಬಹಳ ಕಡೆ ಅರ್ಜಿಯ ಜತೆ ಪಹಣಿ ಕೇಳುವುದು ಅಭ್ಯಾಸವಾಗಿದೆ. ಆ ಒಂದು ಸಾಲು ಹೊಡೆದುಹಾಕಿ. ಅತ್ತೆ, ಸೊಸೆ, ಗೇಣಿಗೆ ಮಾಡುವವರು, ಎಲ್ಲರೂ ಒಳಗೆ ಬರುತ್ತಾರೆ. ಹಣ ಅವರ ಖಾತೆಗೇ ಹೋದರೆ ಮಾಲು ಮಂಡಿಗೆ ಹೋಗುವುದೂ ಕಡಿಮೆಯಾಗುತ್ತದೆ.

ಇದರ ಜತೆಗೇ ಸರ್ವ ಸದಸ್ಯರ ಸಭೆಯ ಮಾತು. ಕಾಲು ಭಾಗದಷ್ಟು ಸದಸ್ಯರಾದರೂ ಬಂದಿರಬೇಕೆಂಬುದು ಕಾಯ್ದೆ. ಹಾಜರಿ ಪುಸ್ತಕವನ್ನು ಮನೆ ಮನೆಗೆ ಕಳಿಸಿ ರುಜು ಹಾಕಿಸಿಕೊಳ್ಳುವುದು ಸಭೆಯಾಗುವುದಿಲ್ಲ. ಕೆಲಸವಿಲ್ಲದ ದಿನ ನೋಡಿ ಕರೆಯಿರಿ, ಒಂದು ಊಟ ಹಾಕಿ, ಜಮಾಖರ್ಚನ್ನು ಕನ್ನಡದಲ್ಲಿ ಜೋರಾಗಿ ಓದಿ. ಲಾಭ ಹಂಚುವಾಗ ಯಾರು ಎಷ್ಟು ಮಾಲು ತಂದರೋ ಅದಕ್ಕೆ ತಕ್ಕಂತೆ ಹಂಚಿ. ಉದಾಹರಣೆಗೆ, ಕ್ವಿಂಟಲಿಗೆ ₹100 ಬೋನಸ್ ಎಂದರೆ ಹತ್ತು ಕ್ವಿಂಟಲು ತಂದವರಿಗೆ ₹1,000, ಎರಡು ತಂದವರಿಗೆ ₹200, ಏನೂ ತರದ ನಿರ್ದೇಶಕರಿಗೆ ಸೊನ್ನೆ. ಆ ಪಟ್ಟಿ ಗೋಡೆಯ ಮೇಲೆ ಇರಲಿ. ವೇದಿಕೆಯ ಮೇಲೆ ರಾಜಕೀಯದವರು ಕೂತರೆ ಅಂದು ಲೆಕ್ಕ ಓದಲು ಹೊತ್ತು ಸಿಗುವುದಿಲ್ಲ. ಅವರನ್ನು ಇನ್ನೊಂದು ದಿನ ಕರೆಯಿರಿ.

13. ಒಂಟಿಯಾಗಿ ಪೇಟೆಗೆ ಬರಬೇಡಿ

ಹಳ್ಳಿಗೊಂದು ಸಂಘ, ಜಿಲ್ಲೆಗೊಂದು ಒಕ್ಕೂಟ, ರಾಜ್ಯಕ್ಕೊಂದು ಮಹಾಮಂಡಳ. ನಂದಿನಿ ಹಾಲು ಬೆಳಿಗ್ಗೆ ನಿಮ್ಮ ಬಾಗಿಲಿಗೆ ಬರುವುದು ಈ ಮೂರು ಮೆಟ್ಟಿಲು ಹತ್ತಿ. ಗುಜರಾತಿನ ಖೇಡಾದಲ್ಲಿ 1946ರಲ್ಲಿ ಹುಟ್ಟಿದ ಮಾದರಿ ಅದು. ನಮ್ಮಲ್ಲಿ 1974ರ ಡೇರಿ ಅಭಿವೃದ್ಧಿ ನಿಗಮದಿಂದ ಶುರುವಾಗಿ 1984ರಲ್ಲಿ ಕೆಎಂಎಫ್ ಆಯಿತು.

ಮುನ್ನೂರು ರೈತರ ಕಂಪನಿ ಒಂದೇ ಗಾಂಧಿಬಜಾರಿನಲ್ಲಿ ಅಂಗಡಿ ಬಾಡಿಗೆ ಕಟ್ಟಲಾರದು. ಮಾಗಡಿಯ ಅವರೆ, ಚಿಂತಾಮಣಿಯ ಕಡಲೆಕಾಯಿ, ಆನೇಕಲ್ಲಿನ ಹೂವು, ಕನಕಪುರದ ರಾಗಿ ಎಂದು ನಾಲ್ಕೈದು ಕಂಪನಿ ಸೇರಿದರೆ ವರ್ಷವಿಡೀ ಮಾರಲು ಸರಕಿರುತ್ತದೆ. ಟೆಂಪೊ ಒಂದೇ ಸಾಕು, ಗೋದಾಮು ಒಂದೇ ಸಾಕು. ಇಷ್ಟಾದರೂ ಪೂರ್ತಿ ಅಂಗಡಿಯನ್ನೇ ನಂಬಬೇಡಿ. ರಸ್ತೆ ಅಗಲ ಮಾಡಿದಾಗ, ಮೆಟ್ರೊ ಬಂದಾಗ ಹಾಪ್‌ಕಾಮ್ಸ್‌ನ ಎಷ್ಟೋ ಮಳಿಗೆಗಳು ಎದ್ದುಹೋದವು. ಗಾಂಧಿಬಜಾರಿನ ರಸ್ತೆ ಅಗೆದಿದ್ದ ಕಾಲದಲ್ಲಿ ಅಲ್ಲಿನ ವ್ಯಾಪಾರ ಬಡವಾದದ್ದು ಬಸವನಗುಡಿಯವರಿಗೆಲ್ಲ ಗೊತ್ತು. ಮನೆಗೆ ಮುಟ್ಟಿಸುವ ಖಾಯಂ ಗಿರಾಕಿಗಳ ಪಟ್ಟಿ ಇದ್ದರೆ ಬೀದಿ ಅಗೆದರೂ ನಿಮ್ಮ ಟೆಂಪೊ ನಿಲ್ಲುವುದಿಲ್ಲ.

ಇನ್ನು ಪೇಟೆಯ ಓದುಗರಿಗೆ ಒಂದು ಮಾತು. ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಯ ಅಪಾರ್ಟ್‌ಮೆಂಟು ಸಂಘಗಳವರೇ, ನಿವಾಸಿಗಳ ಸಂಘದವರೇ, ‘ರೈತ ದೇಶದ ಬೆನ್ನೆಲುಬು’ ಎಂದು ರಾಜ್ಯೋತ್ಸವದಂದು ಭಾಷಣ ಮಾಡಿಸುತ್ತೀರಲ್ಲ, ಈ ಸಲ ಅದರ ಬದಲು ಒಂದು ಸಣ್ಣ ವ್ಯವಹಾರ ಮಾಡಿ. ಮೂವತ್ತು ಮನೆ ಸೇರಿ ಯಾವುದಾದರೂ ಒಂದು ರೈತ ಕಂಪನಿಗೆ ತಿಂಗಳ ತರಕಾರಿ, ರಾಗಿ, ಕಡಲೆಕಾಯಿಗೆ ಒಟ್ಟಿಗೆ ಆರ್ಡರು ಕೊಡಿ, ಅರ್ಧ ಹಣ ಮುಂಗಡ ಕಟ್ಟಿ, ಮಿಕ್ಕದ್ದನ್ನು ಮಾಲು ಬಂದ ದಿನವೇ ಕೊಡಿ. ಹತ್ತಿರದಲ್ಲಿ ಯಾವ ಕಂಪನಿ ಏನು ಬೆಳೆಯುತ್ತದೆ ಎಂದು ತಿಳಿಯಬೇಕೇ? ತೋಟಗಾರಿಕೆ ಇಲಾಖೆಯ ಕಚೇರಿ ಲಾಲ್‌ಬಾಗಿನೊಳಗೇ ಇದೆ. ಬೆಳಗಿನ ವಾಕಿಂಗ್ ಮುಗಿಸಿ ಹಾಗೇ ಮನೆಗೆ ಹೋಗಬೇಡಿ, ಕಚೇರಿ ತೆರೆದಿರುವ ಹೊತ್ತಿಗೆ ಒಮ್ಮೆ ಹೋಗಿ ಕೇಳಿ ಬನ್ನಿ.